ಒಬ್ಬನೇ ಇದ್ದೇನೆ, ಶುಗರ್ ಬಂದಿದೆ, ಅಡುಗೆ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕೋಡಿಬಾಗ_ಬಾಡಿಗೆಮನೆ
ಜೂನ್ 2, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ವಯಸ್ಸು 49. ಊರು ಅಂಕೋಲೆ ಕಡೆ, ಕೆಲಸ ಕಾರವಾರದಲ್ಲಿ. ಕೋಡಿಬಾಗದಲ್ಲಿ ಬಾಡಿಗೆ ಮನೆ. ಮದುವೆ ಆಗಿಲ್ಲ. ಹೋದ ವರ್ಷದವರೆಗೆ ಅಮ್ಮ ಜೊತೆಗಿದ್ದಳು. ಅವಳಿದ್ದಷ್ಟು ದಿನ ನಾನು ಅಡುಗೆಮನೆಗೆ ಹೋಗುತ್ತಿದ್ದದ್ದು ನೀರು ಕುಡಿಯುವುದಕ್ಕೆ ಮಾತ್ರ.

ಅಮ್ಮ ಹೋದಮೇಲೆ ಬೆಳಿಗ್ಗೆ ಹೋಟೆಲಿನ ಬನ್ಸು-ಭಾಜಿ, ಮಧ್ಯಾಹ್ನ ಖಾನಾವಳಿಯ ಮೀನೂಟ, ರಾತ್ರಿ ಪಾರ್ಸೆಲ್ ಫ್ರೈಡ್ ರೈಸ್. ಹೋದ ತಿಂಗಳು ಕಣ್ಣು ಮಂಜಾಗುತ್ತಿದೆ ಅಂತ ಕನ್ನಡಕದ ಅಂಗಡಿಗೆ ಹೋದೆ. ಎರಡು ಸಲ ನೋಡಿದರೂ ನಂಬರ್ ಕೂಡಿಬರಲಿಲ್ಲ. ಅಲ್ಲಿದ್ದ ಹುಡುಗ "ಸರ್, ಒಮ್ಮೆ ಶುಗರ್ ನೋಡಿಸಿಕೊಂಡು ಬನ್ನಿ" ಅಂದ. ನೋಡಿಸಿದೆ. ಖಾಲಿ ಹೊಟ್ಟೆಯಲ್ಲಿ 204, ಊಟದ ನಂತರ 318. ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ 9.6. ಈಗ ಮೆಟ್‌ಫಾರ್ಮಿನ್ 500, ದಿನಕ್ಕೆ ಎರಡು.

ಕ್ಲಿನಿಕ್ಕಿನಲ್ಲಿ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಓಟ್ಸ್, ಬ್ರೊಕೊಲಿ, ಎರಡು ಫುಲ್ಕಾ, ಕೆನೆ ತೆಗೆದ ಹಾಲಿನ ಪನೀರ್. ಕೆಳಗೆ ದಪ್ಪ ಅಕ್ಷರದಲ್ಲಿ: ಅನ್ನ ಬೇಡ, ತೆಂಗಿನಕಾಯಿ ಬೇಡ. ಇವೆರಡೂ ಬಿಟ್ಟರೆ ಅಂಕೋಲೆಯವನಿಗೆ ಉಳಿಯುವುದು ಸಮುದ್ರದ ನೀರೊಂದೇ. ಐದು ದಿನ ಓಟ್ಸ್ ತಿಂದೆ. ಆರನೇ ದಿನ ಖಾನಾವಳಿಗೆ ಹೋಗಿ ಮೂರು ಸಲ ಅನ್ನ ಹಾಕಿಸಿಕೊಂಡೆ.

ಅನ್ನ ಪೂರ್ತಿ ಬಿಡಲೇಬೇಕಾ? ಒಬ್ಬನಿಗೆ ಅಂದರೆ ಎಷ್ಟು ಅಡುಗೆ ಮಾಡಬೇಕು? ಮನೆಯಲ್ಲಿ ಐದು ಲೀಟರಿನ ಕುಕ್ಕರ್, ಮಿಕ್ಸಿ, ಒಂದು ಬಾಣಲೆ ಇದೆ. ಅಮ್ಮನ ಮಸಾಲೆ ಡಬ್ಬಿಯೂ ಇದೆ. ಅದನ್ನು ಇನ್ನೂ ತೆಗೆದಿಲ್ಲ.

ತಂಬುಳಿ_ಅಕ್ಕ
ಜೂನ್ 3, ಬೆಳಿಗ್ಗೆ 6:15

ತಮ್ಮಾ, ಅಮ್ಮನ ವಿಷಯ ಓದಿ ಬೇಜಾರಾಯಿತು. ನನಗೆ 66, ಹಾಗಾಗಿ ನೀನು ಅಂತಲೇ ಕರೆಯುತ್ತೇನೆ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಶುಗರ್ ಬಂದು 14 ವರ್ಷ, ಯಜಮಾನರು ಹೋಗಿ ಆರು. ಮಕ್ಕಳು ಬೆಂಗಳೂರಲ್ಲಿ. ಮನೆಯಲ್ಲಿ ಈಗ ನಾನು, ಒಂದು ದನ, ಒಂದು ನಾಯಿ. ನಾಯಿಗೂ ಅನ್ನ ಅಂದರೆ ಪ್ರಾಣ, ಆ ಮಾತು ಬಿಡು.

ಮೊದಲು ಆ ಐದು ಲೀಟರಿನ ಕುಕ್ಕರನ್ನು ಅಟ್ಟಕ್ಕೆ ಹಾಕು. ಪಾತ್ರೆ ದೊಡ್ಡದಿದ್ದರೆ ಕೈಯೂ ದೊಡ್ಡದಾಗುತ್ತದೆ. ತಳ ಕಾಣದಷ್ಟು ಅಕ್ಕಿ ಹಾಕದಿದ್ದರೆ ಸಮಾಧಾನವೇ ಇಲ್ಲ. ಆಮೇಲೆ ಉಳಿಯುತ್ತದೆ. ಮನೆ ತುಂಬ ಜನ ಇದ್ದಾಗ ಉಳಿದದ್ದು ಯಾರದೋ ಬಟ್ಟಲಿಗೆ ಹೋಗುತ್ತಿತ್ತು. ಈಗ ಉಳಿದದ್ದಕ್ಕೆಲ್ಲ ನಮ್ಮ ಹೊಟ್ಟೆಯೇ ಗತಿ, ಅನ್ನ ಚೆಲ್ಲಲು ಮನಸ್ಸು ಬರುವುದಿಲ್ಲವಲ್ಲ. ನನ್ನ ಶುಗರ್ ಮೊದಲ ಎರಡು ವರ್ಷ ಇಳಿಯದೇ ಇದ್ದದ್ದು ಸಿಹಿ ತಿಂದು ಅಲ್ಲ, ಉಳಿದ ಅನ್ನ ಖಾಲಿ ಮಾಡಿ. ಒಂದೂವರೆ ಲೀಟರಿನ ಕುಕ್ಕರ್ ತಗೋ.

ಅನ್ನ ಬಿಡಬೇಡ, ಅಳೆದುಕೋ. ನಾನು ಕಾಫಿ ಕುಡಿಯುವ ಹಳೇ ಸ್ಟೀಲ್ ಲೋಟದಲ್ಲಿ ಅರ್ಧಕ್ಕೆ ಗೀರು ಹಾಕಿಟ್ಟಿದ್ದೇನೆ. ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, ಆ ಗೀರಿನವರೆಗೆ ಅಕ್ಕಿ 40 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಮಿನಷ್ಟು ಪಿಷ್ಟವೇ ಇರುತ್ತದೆ. ಅಂದರೆ ನನ್ನ ಲೋಟದ್ದು ಮೂವತ್ತರ ಆಸುಪಾಸು. ಬೆಂದರೆ ಸಣ್ಣ ಬಟ್ಟಲು ತುಂಬುತ್ತದೆ. ಒಂದು ಹೊತ್ತಿಗೆ ನನಗೆ ಅಷ್ಟೇ. ನಿನ್ನ ಅಳತೆ ಬೇರೆ ಇರಬಹುದು, ಅದನ್ನು ಮೀಟರು ಹೇಳುತ್ತದೆ.

ಊಟದ ತಟ್ಟೆಯ ಅರ್ಧ ಪಲ್ಯ, ಕಾಲು ಭಾಗ ಬೇಳೆಯೋ ಕಾಳೋ ನಿನ್ನ ಮೀನೋ, ಉಳಿದ ಕಾಲು ಅನ್ನ. ತಿನ್ನುವಾಗ ಪಲ್ಯ ಮೊದಲು, ಅನ್ನ ಕೊನೆಗೆ. ನಾವು ಘಟ್ಟದವರು ಮೊದಲಿಂದಲೂ ತಲೆಕೆಳಗಾಗಿ ಉಣ್ಣುತ್ತೇವೆ, ಗುಡ್ಡದಷ್ಟು ಅನ್ನ, ಎಲೆಯ ತುದಿಯಲ್ಲಿ ಚಿಟಿಕೆ ಪಲ್ಯ.

ಅಡುಗೆ ಬಾರದವನಿಗೆ ಮೊದಲ ಪಾಠ ತಂಬುಳಿ. ದೊಡ್ಡಪತ್ರೆ ಎಲೆ ಎಂಟು ಹತ್ತು ಕಿತ್ತು ತೊಳೆ. ಚೂರು ತುಪ್ಪಕ್ಕೆ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಎಲೆ ಹಾಕಿ ಬಾಡಿಸು. ಎಲೆ ಕುಗ್ಗಿ ಬಣ್ಣ ತಿರುಗಿದರೆ ಸಾಕು. ಎರಡು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸು. ಉಪ್ಪು. ಆಯಿತು. ಬೆಲ್ಲ ಹಾಕುವವರು ಇದ್ದಾರೆ, ನಮ್ಮ ಮನೆಯಲ್ಲೂ ಹಾಕುತ್ತಿದ್ದೆವು. ನಿನಗೆ ಬೇಡ.

ಬೈತಖೋಲ್_ಬಂಗಡೆ
ಜೂನ್ 3, ಬೆಳಿಗ್ಗೆ 8:40

ಅಕ್ಕ, ಅಂಕೋಲೆಯವನಿಗೆ ಮೊದಲ ಪಾಠವೇ ತಂಬುಳಿಯಾ? 😄

ಅಣ್ಣಾ, ಮೀನಿನಲ್ಲಿ ಪಿಷ್ಟ ಇಲ್ಲವೇ ಇಲ್ಲ ಅನ್ನಬಹುದು. ಶುಗರ್ ಏರಿಸುವುದು ಮೀನಲ್ಲ, ಅದರ ಹಿಂದೆ ಹೋಗುವ ಅನ್ನ. ಖಾನಾವಳಿಯಲ್ಲಿ ಸಾರು ರುಚಿಯಾದಷ್ಟೂ ಅನ್ನ ಕೇಳುತ್ತದೆ, ಅವರೂ ಬೇಡ ಅನ್ನುವುದಿಲ್ಲ. ಎರಡನೇ ಕಳ್ಳ ಆ ರವೆ. ಒಂದು ತುಂಡು ಇಸ್ವಾಣ ಮೀನಿಗೆ ಬೆರಳು ದಪ್ಪದ ರವೆ ಮೆತ್ತಿ, ಎಣ್ಣೆಯಲ್ಲಿ ಈಜಾಡಿಸಿ ಕೊಡುತ್ತಾರೆ.

ಈಗ ಬಂದರು ಬಂದ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಇಳಿಯುವಂತಿಲ್ಲ. ನಾಡದೋಣಿಯವರು ತಂದರೆ ಉಂಟು, ಇಲ್ಲದಿದ್ದರೆ ಐಸಿನ ಮೀನು. ದರ ಕೇಳಿದರೆ ಶುಗರ್ ಜೊತೆ ಬಿಪಿಯೂ ಬರುತ್ತದೆ. ಒಣಮೀನು ತರುವುದಾದರೆ ಬಿಸಿನೀರಲ್ಲಿ ನೆನೆಸಿ ಎರಡು ಸಲ ನೀರು ಚೆಲ್ಲಿ. ಬಿಪಿ ಇದ್ದರೆ ಅದರ ಗೋಜಿಗೇ ಹೋಗಬೇಡಿ, ಉಪ್ಪು ಜಾಸ್ತಿ.

ಒಬ್ಬರಿಗೆ ಮೀನು ತರುವುದೇ ಒಂದು ನಾಚಿಕೆ. ಎರಡೇ ಬಂಗಡೆ ಕೊಡಿ ಅಂದರೆ ಮೀನು ಮಾರುವವರು ಮುಖ ನೋಡುತ್ತಾರೆ. ನಾನು ಆರು ತರುತ್ತೇನೆ. ಶುಚಿ ಮಾಡಿಸಿ, ಅರಿಶಿನ-ಉಪ್ಪು ಸವರಿ, ಎರಡೆರಡು ಒಂದೊಂದು ಡಬ್ಬಿಗೆ ಹಾಕಿ ಫ್ರೀಜರಿಗೆ ಇಡುತ್ತೇನೆ. ಆರೂ ಒಟ್ಟಿಗೆ ಒಂದೇ ಚೀಲದಲ್ಲಿ ಇಟ್ಟರೆ ಕಲ್ಲಾಗುತ್ತದೆ. ಬಿಡಿಸಲು ಆಗದೆ ಆರೂ ಬೇಯಿಸಿ, ಎರಡು ದಿನ ಅದನ್ನೇ ತಿಂದಿದ್ದೇನೆ, ಅದಕ್ಕೆ ಹೇಳಿದೆ.

ಸಹಜ_ಮದ್ದು
ಜೂನ್ 3, ಬೆಳಿಗ್ಗೆ 11:05

ಮಾತ್ರೆ ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಒಂದು ಲೋಟ, 48 ದಿನ. ಸಕ್ಕರೆ ಬದಲು ಜೋನಿ ಬೆಲ್ಲ ಬಳಸಿ, ಅದು ನೈಸರ್ಗಿಕ, ಏನೂ ಆಗುವುದಿಲ್ಲ. ಮಾತ್ರೆ ತಾನಾಗಿ ಬಿಟ್ಟುಹೋಗುತ್ತದೆ.

ರಾತ್ರಿಪಾಳಿ_ಸಿಸ್ಟರ್
ಜೂನ್ 3, ಮಧ್ಯಾಹ್ನ 1:30

ಮೇಲಿನದನ್ನು ದಯವಿಟ್ಟು ನಂಬಬೇಡಿ. 20 ವರ್ಷದಿಂದ ವಾರ್ಡಿನಲ್ಲಿ ಇದ್ದೇನೆ. ಮಾತ್ರೆ ಬಿಟ್ಟು ರಸ ಕುಡಿದು, ಕಾಲಿನ ಗಾಯ ಹಿಡಿದುಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿದೆ. ಹಾಗಲಕಾಯಿ ತರಕಾರಿ, ಪಲ್ಯ ಮಾಡಿ ತಿನ್ನಿ. ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ. ಬೆಲ್ಲ, ಜೇನು, ಸಕ್ಕರೆ, ಮೂರೂ ರಕ್ತಕ್ಕೆ ಹೋದಮೇಲೆ ಒಂದೇ.

ಕೋಡಿಬಾಗದವರೇ, ಮೆಟ್‌ಫಾರ್ಮಿನ್ ಊಟದ ಜೊತೆ ತಗೊಳ್ಳಿ. ಶುರುವಿನಲ್ಲಿ ಹೊಟ್ಟೆ ಕೆಡುವುದು ಉಂಟು, ಬಹಳ ಜನರಿಗೆ ಕೆಲವು ದಿನದಲ್ಲಿ ಸರಿ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಇದೊಂದೇ ಮಾತ್ರೆಯಿಂದ ಶುಗರ್ ತೀರಾ ಇಳಿಯುವುದು ಅಪರೂಪ. ಮುಂದೆ ಗ್ಲಿಮೆಪಿರೈಡ್ ಥರದ್ದು ಸೇರಿಸಿದರೆ ನನಗೆ ಬರೆಯಿರಿ, ಒಬ್ಬರೇ ಇರುವವರಿಗೆ ಆಗ ಬೇರೆ ಮಾತು ಹೇಳುವುದಿದೆ. ಆ ಮಾತ್ರೆ ತಗೊಂಡು ಊಟ ತಪ್ಪಿಸಿದರೆ ಶುಗರ್ ಇಳಿದುಬಿಡುತ್ತದೆ. ಗೋವಾ ಗಡಿ ಪಕ್ಕದಲ್ಲೇ ಇದೆಯಲ್ಲ, ಖಾಲಿ ಹೊಟ್ಟೆಯಲ್ಲಿ ಕುಡಿದರಂತೂ ಇನ್ನೂ ಅಪಾಯ.

ತೆಂಗಿನಕಾಯಿ ವಿಷ ಅಲ್ಲ. ಅದರಲ್ಲಿ ಪಿಷ್ಟ ಕಡಿಮೆ, ಕೊಬ್ಬು ಜಾಸ್ತಿ. ಸಾರಿಗೆ ಎರಡು ಚಮಚ ತುರಿ ಹಾಕಿ, ಅರ್ಧ ಕಡಿ ಸುರಿಯಬೇಡಿ, ಅಷ್ಟೇ. ಆ ಜೆರಾಕ್ಸ್ ಹಾಳೆ ಎಲ್ಲಾ ಕಡೆ ಒಂದೇ ಇರುತ್ತದೆ. ಅದನ್ನು ಬರೆದವರು ಈ ಕರಾವಳಿಯಲ್ಲಿ ಒಂದು ಹೊತ್ತೂ ಉಂಡವರಲ್ಲ ಅಂತ ನನ್ನ ಗುಮಾನಿ.

ಒಂದು ಗ್ಲೂಕೋಮೀಟರ್ ತಗೊಳ್ಳಿ. ಸ್ಟ್ರಿಪ್ ದುಬಾರಿ, ದಿನಾ ನಾಲ್ಕು ಸಲ ಚುಚ್ಚಿಕೊಳ್ಳಬೇಕಾಗಿಲ್ಲ. ವಾರಕ್ಕೆ ಎರಡು ಜೋಡಿ ನೋಡಿ. ಊಟಕ್ಕೆ ಕೂರುವ ಮೊದಲು ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಊಟದ ನಂತರದ್ದು 180ರ ಒಳಗೆ, ಖಾಲಿ ಹೊಟ್ಟೆಯದು 80ರಿಂದ 130ರ ಒಳಗೆ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಸರಿ.

ಕೋಡಿಬಾಗ_ಬಾಡಿಗೆಮನೆ
ಜೂನ್ 11, ರಾತ್ರಿ 10:20

ಎಲ್ಲರಿಗೂ ಧನ್ಯವಾದ. ವರದಿ ಒಪ್ಪಿಸುತ್ತೇನೆ.

ಸಣ್ಣ ಕುಕ್ಕರ್ ತಂದೆ. ಮೊದಲ ದಿನದ ಅನ್ನ ಗಂಜಿ, ಎರಡನೇ ದಿನದ್ದು ಚರುಮುರಿ, ಮೂರನೇ ದಿನ ಅನ್ನ. ಭಾನುವಾರದ ಸಂತೆಯಲ್ಲಿ ಎರಡು ಕಟ್ಟು ಹರಿವೆ ತಂದೆ. ಇಷ್ಟನ್ನು ಒಬ್ಬ ತಿನ್ನುವುದು ಹೇಗೆ ಅಂತ ಹೆದರಿ ಒಂದೇ ಕಟ್ಟು ಹೆಚ್ಚಿದೆ. ಬಾಣಲೆಯಲ್ಲಿ ಐದು ನಿಮಿಷಕ್ಕೆ ಅದು ಕುಗ್ಗಿ ಒಂದು ಮುಷ್ಟಿ ಆಯಿತು. ಸೊಪ್ಪಿಗೆ ಮೊದಲೇ ಉಪ್ಪು ಹಾಕಬಾರದು ಅಂತ ಆಗ ಗೊತ್ತಾಯಿತು. ಬಾಣಲೆ ತುಂಬ ಇದ್ದಾಗ ಹಾಕಿದ ಉಪ್ಪು, ಮುಷ್ಟಿಯಾದಾಗ ಬಾಯಿಗೆ ಇಡಲಾಗಲಿಲ್ಲ.

ತಂಬುಳಿ ಸರಿಯಾಗಿ ಬಂತು ಅಕ್ಕ. ದೊಡ್ಡಪತ್ರೆ ಮನೆಮಾಲೀಕರ ಹಿತ್ತಲಲ್ಲಿ ಬೇಕಾದಷ್ಟಿದೆ.

ಈಗ ಒಂದು ಗಾಬರಿಯ ಕಥೆ. ಮೊನ್ನೆ ಊರಿಂದ ಅಣ್ಣ ನಾಲ್ಕು ಕರಿ ಈಶಾಡ ಮಾವು ಕಳಿಸಿದ್ದ, ಈ ವರ್ಷದ ಕೊನೆಯವು. ಒಂದರಲ್ಲಿ ಅರ್ಧ ತಿಂದೆ, ನಿಜವಾಗಿಯೂ ಅರ್ಧವೇ. ಎರಡು ಗಂಟೆ ಬಿಟ್ಟು ನೋಡಿದರೆ ಮೀಟರಿನಲ್ಲಿ 341. ಕೈಕಾಲು ತಣ್ಣಗಾಯಿತು. ಒಬ್ಬನೇ ಇದ್ದರೆ ಇದೊಂದು ಕಷ್ಟ, ನೋಡು ಬಾ ಅನ್ನಲು ಯಾರೂ ಇಲ್ಲ. ರಾತ್ರಿ ಆಸ್ಪತ್ರೆಗೆ ಹೋಗಲಾ ಅಂತ ಅಂಗಿ ಹಾಕಿಕೊಂಡೆ. ಆಗ ಬೆರಳು ಮೂಗಿನ ಹತ್ತಿರ ಬಂತು. ಘಮ್ಮಂತ ಮಾವಿನ ವಾಸನೆ! ತಿಂದಮೇಲೆ ಬರೀ ನೀರಲ್ಲಿ ಕೈ ಅದ್ದಿ ತೆಗೆದಿದ್ದೆ, ಮಲಗುವ ಮೊದಲು ಓಟೆಯನ್ನು ಮತ್ತೆ ಕೈಯಲ್ಲಿ ಹಿಡಿದು ಚೀಪಿದ್ದೆ. ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದೆ. 172.

ರಾತ್ರಿಪಾಳಿ_ಸಿಸ್ಟರ್
ಜೂನ್ 12, ಬೆಳಿಗ್ಗೆ 7:10

ನಗು ಬಂತು, ಆದರೆ ಇದು ನಿಜಕ್ಕೂ ಆಗುತ್ತದೆ. ಬೆರಳಿಗೆ ಹತ್ತಿದ ಹಣ್ಣಿನ ಸಕ್ಕರೆ ಆ ಒಂದು ಹನಿ ರಕ್ತಕ್ಕೆ ಸೇರುತ್ತದೆ. ಸೋಪು, ನೀರು, ಒಣ ಬಟ್ಟೆ. ಬೆರಳ ತುದಿಗೆ ಬದಲು ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಓಟೆ ಚೀಪಿದ್ದನ್ನು ಅರ್ಧ ಹಣ್ಣಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ 🙂

ಕುಮಟಾ_ಪಿಜಿ_ಕೋಣೆ
ಜೂನ್ 12, ರಾತ್ರಿ 11:45

ನಾನೂ ಸೇರಿಕೊಳ್ಳಲಾ? ವಯಸ್ಸು 22. ನನ್ನದು ಟೈಪ್ 1, ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್. ನೀವೆಲ್ಲ ಮಾತಾಡುತ್ತಿರುವುದು ಟೈಪ್ 2. ಎರಡೂ ಒಂದೇ ಅಲ್ಲ, ಅದನ್ನು ನೆಂಟರಿಗೆ ಹೇಳಿ ಹೇಳಿ ಸುಸ್ತಾಗಿದ್ದೇನೆ. "ಇಷ್ಟು ಸಣ್ಣ ವಯಸ್ಸಿಗೆ ಸಿಹಿ ಅಷ್ಟೊಂದು ತಿಂದಿಯಾ" ಅಂತ ಕೇಳುತ್ತಾರೆ. ನನ್ನ ದೇಹ ಇನ್ಸುಲಿನ್ ಮಾಡುವುದನ್ನೇ ನಿಲ್ಲಿಸಿದೆ, ತಿಂದು ಬಂದದ್ದಲ್ಲ.

ಒಬ್ಬರೇ ಇರುವುದರ ಬಗ್ಗೆ ಮಾತ್ರ ನನಗೂ ಹೇಳುವುದಿದೆ. ಹೋದ ಜುಲೈ, ಜೋರು ಮಳೆ, ಕರೆಂಟ್ ಇಲ್ಲ, ರೂಮ್‌ಮೇಟ್ ಊರಿಗೆ ಹೋಗಿದ್ದಳು. ಮೆಸ್ಸಿನ ಊಟ ಸೇರದೆ ಅರ್ಧ ಬಿಟ್ಟಿದ್ದೆ, ಇನ್ಸುಲಿನ್ ಮಾತ್ರ ಪೂರ್ತಿ ತಗೊಂಡಿದ್ದೆ. ರಾತ್ರಿ ಎರಡಕ್ಕೆ ಎಚ್ಚರ ಆಯಿತು. ಅಂಗಿ ಬೆವರಿಗೆ ಒದ್ದೆ, ಕೈ ನಡುಗುತ್ತಿದೆ. ಮೊಬೈಲ್ ಟಾರ್ಚ್ ಆನ್ ಮಾಡುವುದು ಹೇಗೆ ಅಂತ ತಲೆಗೆ ಹೋಗುತ್ತಿಲ್ಲ, ದಿನಾ ಮಾಡುವ ಕೆಲಸ! ದಿಂಬಿನ ಪಕ್ಕ ಸಣ್ಣ ಡಬ್ಬಿಯಲ್ಲಿ ಸಕ್ಕರೆ, ಬಾಟಲಿ ನೀರು ಇಟ್ಟಿದ್ದೆ. ಕತ್ತಲಲ್ಲಿ ಕೈಗೆ ಸಿಕ್ಕಿತು. ಮೊದಲು ತಿಂದೆ, ಆಮೇಲೆ ನೋಡಿದೆ. 54. ಕಾಲು ಗಂಟೆ ಬಿಟ್ಟು 81.

70ಕ್ಕಿಂತ ಕೆಳಗೆ ಹೋದರೆ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70ರ ಕೆಳಗೇ ಇದ್ದರೆ ಇನ್ನೊಮ್ಮೆ. ಆ ಹೊತ್ತಿಗೆ ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನ ಏರುತ್ತದೆ. ಡಬ್ಬಿ ಅಡುಗೆಮನೆಯಲ್ಲಿ ಇಟ್ಟರೆ ಇಲ್ಲದ ಹಾಗೇ. ಅಲ್ಲಿವರೆಗೆ ನಡೆಯಲು ಆಗುವುದಿಲ್ಲ.

ಶಿರಸಿ ಕಡೆಯ ಅಕ್ಕ ಇನ್ಸುಲಿನ್ ತಗೊಳ್ಳುತ್ತಿದ್ದರೆ: ಮಳೆಗಾಲದಲ್ಲಿ ಕರೆಂಟ್ ಹೋದರೆ ಹೆದರಬೇಡಿ. ತೆರೆದ ಪೆನ್ನು ಬಿಸಿಲು ಬೀಳದ, ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ನಿಮ್ಮದಕ್ಕೆ ಎಷ್ಟು ದಿನ ಅಂತ ಬರೆದಿರುತ್ತದೆ. ತೆರೆಯದ್ದು ಮಾತ್ರ ಫ್ರಿಜ್ಜಿನಲ್ಲಿ. ಫ್ರೀಜರಿಗೆ ಹಾಕಿದರೆ ಹೋಯಿತು, ಕರಗಿದ ಮೇಲೂ ಬಳಸಬಾರದು.

ತಂಬುಳಿ_ಅಕ್ಕ
ಜೂನ್ 13, ಬೆಳಿಗ್ಗೆ 6:05

ಓದಿ ಹೊಟ್ಟೆ ತಳಮಳ ಆಯಿತು ಮಗಳೇ. ನಾನು ಮಾತ್ರೆಯಲ್ಲೇ ಇದ್ದೇನೆ, ಆದರೆ ಎರಡು ಥರದ್ದು. ಇವತ್ತೇ ಹಾಸಿಗೆ ಪಕ್ಕ ಸಕ್ಕರೆ ಡಬ್ಬಿ ಇಡುತ್ತೇನೆ, ಇರುವೆಗೆ ಸಿಗದ ಹಾಗೆ. ಪಕ್ಕದ ಮನೆಯವರ ಹತ್ತಿರ ನನ್ನದೊಂದು ಬೀಗದ ಕೈ ಇದೆ. ಬೆಳಿಗ್ಗೆ ಏಳರೊಳಗೆ ನನ್ನ ಮನೆ ಕದ ತೆಗೆದದ್ದು ಕಾಣದಿದ್ದರೆ ಬಂದು ನೋಡಿ ಅಂತ ಹೇಳಿದ್ದೇನೆ. ಒಮ್ಮೆ ನಿದ್ದೆ ಹೆಚ್ಚಾಗಿ ಎಂಟಾಗಿತ್ತು. ಮೂರು ಜನ ಬಂದು ಕದ ಬಡಿದರು. ನಾಚಿಕೆ ಆಯಿತು, ಸಮಾಧಾನವೂ ಆಯಿತು.

ಕೋಡಿಬಾಗ_ಬಾಡಿಗೆಮನೆ
ಜೂನ್ 24, ರಾತ್ರಿ 9:15

ರಾಗಿ ವಿಷಯ ಕೇಳಬೇಕು. ಆಫೀಸಿನಲ್ಲಿ ಎಲ್ಲರೂ "ರಾಗಿ ಕುಡಿ, ಶುಗರಿಗೆ ರಾಮಬಾಣ" ಅಂದರು. ಬೆಳಿಗ್ಗೆ ರಾಗಿ ಗಂಜಿ ಮಾಡಿದೆ, ಮಜ್ಜಿಗೆ ಹಾಕಿ ದೊಡ್ಡ ಲೋಟದಲ್ಲಿ ಒಂದೂವರೆ. ಮೊದಲು 134, ಎರಡು ಗಂಟೆಗೆ 231. ಮರುದಿನ ಎರಡು ಮೊಟ್ಟೆ, ಸೌತೆಕಾಯಿ, ಒಂದು ತೆಳು ದೋಸೆ ತಿಂದೆ. 129ರಿಂದ 163. ರಾಮಬಾಣ ನನಗೇ ನಾಟಿದ ಹಾಗೆ ಆಯಿತು.

ತಂಬುಳಿ_ಅಕ್ಕ
ಜೂನ್ 25, ಬೆಳಿಗ್ಗೆ 6:20

ರಾಗಿಯಲ್ಲೂ ನೂರಕ್ಕೆ 70ರ ಹತ್ತಿರ ಪಿಷ್ಟವೇ ತಮ್ಮಾ. ನಾರು, ಸುಣ್ಣದಂಶ ಅಕ್ಕಿಗಿಂತ ಜಾಸ್ತಿ, ಒಳ್ಳೆಯದೇ. ಆದರೆ ನುಣ್ಣಗೆ ಹಿಟ್ಟು ಮಾಡಿ, ನೀರಿನ ಹಾಗೆ ಕುದಿಸಿ, ಗಟಗಟ ಕುಡಿದರೆ ಹೊಟ್ಟೆಗೆ ಕೆಲಸವೇ ಇಲ್ಲ, ನೇರ ರಕ್ತಕ್ಕೆ. ಅಗಿಯುವುದಿದ್ದರೆ ನಿಧಾನ. ಚಪಾತಿಯದೂ ಇದೇ ಕಥೆ. ನಮ್ಮೂರಲ್ಲಿ ಒಬ್ಬರು ಅನ್ನ ಬಿಟ್ಟಿದ್ದೇನೆ ಅಂತ ರಾತ್ರಿ ಆರು ಚಪಾತಿ ತಿನ್ನುತ್ತಾರೆ.

ಕುಚ್ಚಲಕ್ಕಿ ಸಿಕ್ಕಿದರೆ ಅದನ್ನೇ ಬಳಸು, ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಸ್ವಲ್ಪ ನಿಧಾನ ಅರಗುತ್ತದೆ. ಕುಮಟಾ ಕಡೆ ಗಜನಿಯಲ್ಲಿ, ಅಂದರೆ ಹಿನ್ನೀರು ನುಗ್ಗುವ ಗದ್ದೆಯಲ್ಲಿ, ಬೆಳೆಯುವ ಕಗ್ಗ ಅಕ್ಕಿ ಸಿಕ್ಕರೆ ಇನ್ನೂ ಖುಷಿ, ಉಪ್ಪುನೀರಿಗೂ ಜಗ್ಗದ ಭತ್ತ ಅದು. ಆದರೆ ಯಾವ ಅಕ್ಕಿಯಾದರೂ ಗೀರು ದಾಟಬೇಡ.

ಬೈತಖೋಲ್_ಬಂಗಡೆ
ಜೂನ್ 25, ಬೆಳಿಗ್ಗೆ 9:00

ಅಣ್ಣಾ, ಊಟ ಆದಮೇಲೆ ಏನು ಮಾಡುತ್ತೀರಿ? ಕುರ್ಚಿ, ಟಿವಿ? ಉಂಡ ಮೇಲೆ 15 ನಿಮಿಷ ನಡೆದು ನೋಡಿ, ಅದೇ ಊಟಕ್ಕೆ ಮೀಟರ್ ಬೇರೆ ಹೇಳುತ್ತದೆ. ನಾನು ಟಾಗೋರ್ ಕಡಲತೀರದಲ್ಲಿ ನಡೆಯುತ್ತೇನೆ. ಈ ಮಳೆಗೆ ಆಗದ ದಿನ ಮನೆಯ ಪಡಸಾಲೆಯಲ್ಲೇ ಹೋಗುವುದು ಬರುವುದು. ಹೆಂಡತಿಗೆ ತಲೆ ತಿರುಗುತ್ತದಂತೆ, ನನಗಲ್ಲ.

ರಾತ್ರಿಪಾಳಿ_ಸಿಸ್ಟರ್
ಜೂನ್ 25, ಮಧ್ಯಾಹ್ನ 2:00

ನಡೆಯುವಾಗ ಚಪ್ಪಲಿ ಇರಲಿ. ಮರಳಲ್ಲಿ ಬರಿಗಾಲು ಬೇಡ. ಮಳೆಗಾಲ ಪೂರ್ತಿ ರಾತ್ರಿ ಪಾದ ತೊಳೆದು, ಬೆರಳ ಸಂದಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಅಡಿ ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಡಿ. ಒಬ್ಬರೇ ಇದ್ದರೆ ನೋಡಿ ಹೇಳುವವರು ಇರುವುದಿಲ್ಲ, ಸ್ಪರ್ಶ ಕಡಿಮೆಯಾದ ಕಾಲಿಗೆ ಗಾಯ ಆದದ್ದು ಗೊತ್ತೂ ಆಗುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಮೂತ್ರದ ಪ್ರೋಟೀನ್ ನೋಡಿಸಿ. ಸರಕಾರಿ ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಕೇಳಿ, ಶುಗರ್-ಬಿಪಿಗೆ ಅಂತಲೇ ಇರುವ ವಿಭಾಗ ಅದು. ಜನೌಷಧಿ ಅಂಗಡಿಯಲ್ಲಿ ಇದೇ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ.

ಕೋಡಿಬಾಗ_ಬಾಡಿಗೆಮನೆ
ಆಗಸ್ಟ್ 9, ರಾತ್ರಿ 9:30

ಒಂದೂವರೆ ತಿಂಗಳು ಈ ಕಡೆ ಬರಲಿಲ್ಲ. ಮಧ್ಯೆ ಒಂದು ವಾರ ಪೂರ್ತಿ ಹಳಿ ತಪ್ಪಿತ್ತು. ಜ್ವರ ಬಂದಿತ್ತು, ಒಲೆ ಹಚ್ಚಲು ಮನಸ್ಸಿರಲಿಲ್ಲ, ಬ್ರೆಡ್ಡು ಚಹಾದಲ್ಲೇ ದಿನ ತಳ್ಳಿದೆ. ಜ್ವರದಲ್ಲಿ ಶುಗರ್ ತಾನಾಗಿಯೇ ಏರುತ್ತದಂತೆ. 260 ನೋಡಿದ ಮೇಲೆ ಮೀಟರನ್ನೇ ಬೀರುವಿನೊಳಗೆ ಇಟ್ಟೆ. ನಾಲ್ಕು ದಿನ ಬಿಟ್ಟು ತೆಗೆದೆ.

ಬಂದರು ತೆರೆದಿದೆ. ಮೊನ್ನೆ ಬಂಗಡೆ ತಂದೆ. ಆವತ್ತು ಅಮ್ಮನ ಮಸಾಲೆ ಡಬ್ಬಿ ತೆಗೆದೆ. ಮೆಣಸಿನ ಪುಡಿಗೆ ಹುಳ ಹಿಡಿದಿತ್ತು, ಕೊತ್ತಂಬರಿ ಮಣ್ಣಿನ ಹಾಗೆ. ಕೆಳಗಿನ ಬಟ್ಟಲಲ್ಲಿ ತಿರ್ಫಲ (ಮೀನಿಗೆ ಹಾಕುವ ಜುಮ್ಮನಕಾಯಿ) ಮಾತ್ರ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಂತು. ಹೇಗೆ ಹಾಕುವುದು ಅಂತ ಗೊತ್ತಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ. "ರುಬ್ಬಬೇಡ ಮಾರಾಯ, ಕಹಿ ಆಗುತ್ತದೆ. ಒಳಗಿನ ಕರಿ ಬೀಜ ತೆಗೆದು, ಸಿಪ್ಪೆ ಜಜ್ಜಿ ಕೊನೆಗೆ ಹಾಕು" ಅಂದಳು. ಎರಡು ಬಂಗಡೆಗೆ ಐದು ತಿರ್ಫಲ, ಮೂರು ಬ್ಯಾಡಗಿ ಮೆಣಸು, ಎರಡು ಮೂರು ಚಮಚ ಕಾಯಿ, ಚೂರು ಹುಣಸೆ. ಈರುಳ್ಳಿ ಹಾಕುವಂತಿಲ್ಲ, ಅದು ಅತ್ತಿಗೆಯ ಕಟ್ಟಪ್ಪಣೆ. ಪೂರ್ತಿ ಅಮ್ಮನದರ ಹಾಗೆ ಬರಲಿಲ್ಲ, ಉಪ್ಪು ಒಂದು ಕಲ್ಲು ಕಡಿಮೆ. ಹರಿವೆ ಪಲ್ಯ ಮೊದಲು, ಮೀನು, ಆಮೇಲೆ ಗೀರಿನ ಅನ್ನ. 121ರಿಂದ 158.

ಅಕ್ಕ, ಮುಂದೆ ಚೌತಿ ಬರುತ್ತಿದೆ. ಊರಿಗೆ ಹೋಗಬೇಕು. ಎಲೆ ಮುಂದೆ ಕೂತಾಗ ಏನು ಮಾಡುತ್ತೀರಿ?

ತಂಬುಳಿ_ಅಕ್ಕ
ಆಗಸ್ಟ್ 10, ಬೆಳಿಗ್ಗೆ 6:30

ಶುಗರ್ ಉಂಟು ಅಂತ ಪಂಕ್ತಿಯಲ್ಲಿ ಕೂಗಿ ಹೇಳಿದರೆ ಎಲ್ಲರ ಕಣ್ಣು ನಿನ್ನ ಎಲೆಯ ಮೇಲೆ. ಇದಕ್ಕೆ ಒಳ್ಳೆಯದು ಅದಕ್ಕೆ ಕೆಟ್ಟದ್ದು ಅಂತ ಹತ್ತು ಜನ ಡಾಕ್ಟರಾಗುತ್ತಾರೆ. ಸುಮ್ನೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿ. ಬಡಿಸುವವರು "ಒಂದೇ ಒಂದು" ಅಂತಾರೆ. ಬಗ್ಗಿ ನೋಡಬೇಡ, ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ. ಒಂದು ಕಡುಬು ಬೇಕೇ ಬೇಕು ಅನ್ನಿಸಿದರೆ ತಿನ್ನು, ಆ ಹೊತ್ತಿನ ಅನ್ನ ಅಷ್ಟು ಬಿಡು. ನಾನು ಆಲೆಮನೆ ಕಾಲದಲ್ಲಿ ತೆಳ್ಳೇವಿಗೆ (ತೆಳು ದೋಸೆ) ಒಂದು ಚಮಚ ಜೋನಿ ಬೆಲ್ಲ ತಿನ್ನುತ್ತೇನೆ. ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಮೂರಾದರೂ ನಿಮಗೆ ಹೇಳುವುದಿಲ್ಲ.

ಕೋಡಿಬಾಗ_ಬಾಡಿಗೆಮನೆ
ಆಗಸ್ಟ್ 28, ರಾತ್ರಿ 8:50

ಮೂರು ತಿಂಗಳ ರಿಪೋರ್ಟ್ ಬಂತು. ಎಚ್‌ಬಿಎ1ಸಿ 7.4. ಖಾಲಿ ಹೊಟ್ಟೆಯದು ಇನ್ನೂ 138ರ ಆಸುಪಾಸು, ಅದು ಹಟ ಹಿಡಿದಿದೆ. ಡಾಕ್ಟರು ಮಾತ್ರೆ ಹಾಗೇ ಮುಂದುವರಿಸಿದರು. ತೂಕ ನಾಲ್ಕು ಕಿಲೋ ಇಳಿದಿದೆ. ಕಣ್ಣಿನ ಮಂಜು ಹೋಗಿದೆ, ಕನ್ನಡಕದ ನಂಬರ್ ಈಗ ಕೂಡಿಬಂತು. ಆ ಹುಡುಗನಿಗೆ ಹೋಗಿ ಹೇಳಿದೆ. ಅವನಿಗೆ ನನ್ನ ನೆನಪೇ ಇರಲಿಲ್ಲ.

ಹೊಸ ಸಮಸ್ಯೆ. ಆಫೀಸಿನವರೊಬ್ಬರು ಊರಿಂದ ನಾಲ್ಕು ಮಗೆಕಾಯಿ (ಸಾಂಬಾರು ಸೌತೆ) ತಂದುಕೊಟ್ಟಿದ್ದಾರೆ. ಒಂದೊಂದೂ ಎರಡು ಕಿಲೋ ಇದೆ. ಒಬ್ಬನಿಗೆ ಇದೇನು ಮಾಡುವುದು?

ತಂಬುಳಿ_ಅಕ್ಕ
ಆಗಸ್ಟ್ 29, ಬೆಳಿಗ್ಗೆ 6:10

7.4 ನೋಡಿ ಖುಷಿ ಆಯಿತು ತಮ್ಮಾ. ಮಗೆಕಾಯಿ ಕೊಯ್ಯದಿದ್ದರೆ ಕೆಡುವುದಿಲ್ಲ. ನೆಲಕ್ಕೆ ತಾಗಿಸಬೇಡ, ಒಂದಕ್ಕೊಂದು ತಾಗಿಸಬೇಡ. ಬಾಳೆ ನಾರಿನಲ್ಲಿ ಕಟ್ಟಿ ಹಂಚಿನ ಮಾಡಿಗೆ ತೂಗುಹಾಕು, ತಿಂಗಳುಗಟ್ಟಲೆ ಇರುತ್ತದೆ. ಕೊಯ್ದರೆ ಅರ್ಧ ಹುಳಿಗೆ, ಕಾಲು ಪಲ್ಯಕ್ಕೆ, ಉಳಿದ ಕಾಲು ಪಕ್ಕದ ಮನೆಗೆ.

ಕೋಡಿಬಾಗ_ಬಾಡಿಗೆಮನೆ
ಆಗಸ್ಟ್ 31, ರಾತ್ರಿ 9:05

ಇದು ಸ್ಲ್ಯಾಬಿನ ಮನೆ ಅಕ್ಕ, ಮಾಡು ಎಲ್ಲಿಂದ ತರಲಿ. ಒಂದು ಪಕ್ಕದ ಮನೆಗೆ ಹೋಯಿತು. ಒಂದು ಕಿಟಕಿಯ ಸರಳಿಗೆ, ಒಂದು ಬಟ್ಟೆ ಒಣಗಿಸುವ ಕೊಕ್ಕೆಗೆ, ಕೊನೆಯದು ಪಡಸಾಲೆಯ ಖಾಲಿ ಫ್ಯಾನ್ ಕೊಕ್ಕೆಗೆ. ಇವತ್ತು ಮನೆಮಾಲೀಕರು ಬಾಡಿಗೆಗೆ ಬಂದಿದ್ದರು. ತಲೆ ಎತ್ತಿ ಒಂದು ನಿಮಿಷ ನೋಡಿದರು. ಏನೂ ಕೇಳಲಿಲ್ಲ, ದುಡ್ಡು ಎಣಿಸಿಕೊಂಡು ಹೋದರು.